ಅಟ್ಟಕ್ಕೇರದ ಹೊಲಿಗೆ ಯಂತ್ರ

ಇವತ್ತು ರವಿಕೆಯ ತೋಳು ಹೊಲಿಯಲು ಕುಳಿತರೆ, ಯಂತ್ರದಿಂದ ಎಣ್ಣೆಯ ಜೊತೆಗೆ ಕೆಸರಿನ ವಾಸನೆಯೂ ಬಂತು. ಆರು ವರ್ಷ ಎಣ್ಣೆ ಕುಡಿಸಿದರೂ ಮಳೆಗಾಲದಲ್ಲಿ ಅದಕ್ಕೆ ನೇತ್ರಾವತಿ ಹೊಳೆಯ ನೆನಪಾಗುತ್ತದೆ. ನನಗೆ ನನ್ನ ಪದವಿಯ ನೆನಪಾಗುತ್ತದೆ.

ಯಂತ್ರ ಬಂಟ್ವಾಳ ಪೇಟೆಯಲ್ಲಿದ್ದ ನನ್ನ ಸೋದರತ್ತೆಯದು. ಗಂಡ ತೀರಿಕೊಂಡ ಮೇಲೆ ಅವಳ ಅನ್ನವೆಲ್ಲ ಅದರ ಸೂಜಿಯ ತುದಿಯಲ್ಲಿತ್ತು. ಆಗಷ್ಟೇ ಬಿ.ಎಸ್ಸಿ. ಮುಗಿಸಿದ ನಾನು ಜಡಿಮಳೆಯ ಆಟಿ ತಿಂಗಳು ಕಳೆಯಲು ಅವಳಲ್ಲಿಗೆ ಬಂದಿದ್ದೆ. ಮೂಡುಬಿದಿರೆಯಲ್ಲಿ ಬೆಳೆದವಳಿಗೆ ಹೊಳೆಯೆಂದರೆ ಭೂಪಟದ ನೀಲಿ ಗೆರೆ. ಗೆರೆ ಎಂದೂ ಅಂಗಳಕ್ಕೆ ಬರುವುದಿಲ್ಲ.

ಅತ್ತೆಯ ಬಳಿ ಎರಡು ಉಪಕರಣಗಳಿದ್ದವು: ಗೋಡೆಯ ಪಂಚಾಂಗ, ಬೆಳ್ತಂಗಡಿಯಿಂದ ಬರುವ ಬೆಳಗಿನ ಬಸ್ಸು. ಬಸ್ಸಿಗೆ ಮೆತ್ತಿದ ಕೆಸರು ನೋಡಿ ಘಟ್ಟದ ಬುಡದ ಮಳೆಯನ್ನು ಅಳೆಯುತ್ತಿದ್ದಳು. ಸರಕಾರದ ವಿಧಾನ ಇನ್ನೂ ಸುರಕ್ಷಿತ. ನೆರೆಯ ಅಧ್ಯಯನಕ್ಕೆಂದು ಒಬ್ಬ ಅಧಿಕಾರಿ ಮಾರ್ಚಿನಲ್ಲಿ ಬಂದು, ಚಪ್ಪಲಿ ಒದ್ದೆಯಾಗದಂತೆ ಬತ್ತಿದ ಹೊಳೆಯ ಮರಳಿನಲ್ಲಿ ನಡೆದಾಡಿ, ಅಪಾಯವಿಲ್ಲವೆಂದು ಬರೆದುಕೊಂಡು ಹೋಗಿದ್ದರು. ಅವರನ್ನು ಕಂಡು ನಗುವ ಹಕ್ಕು ನನಗಿಲ್ಲ; ಮುಂದಿನದನ್ನು ಕೇಳಿ.

ಒಂದು ಬೆಳಿಗ್ಗೆ ಬಸ್ಸು ಕಿಟಕಿಯವರೆಗೆ ಕೆಸರಾಗಿ ಬಂತು.

"ಇವತ್ತು ಹುಣ್ಣಿಮೆ. ಮೆಷಿನ್ ಅಟ್ಟಕ್ಕೆ ಇಡುವ. ನೀನೊಂದು ಕಡೆ ಹಿಡಿ," ಎಂದಳು ಅತ್ತೆ.

ಬಂಟ್ವಾಳದಲ್ಲಿ ಬಿಸಿಲಿತ್ತು. "ಚಂದ್ರನಿಗೂ ಹೊಳೆಗೂ ಎಂತ ಸಂಬಂಧ ಅತ್ತೆ? ಮೂಢನಂಬಿಕೆ!"

ಅವಳು ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು. "ಕಲಿತವಳು ನೀನು. ಇಲ್ಲ ಅಂತಾದ್ರೆ ಇಲ್ಲ ಮಾರಾಯ್ತಿ."

ಅತ್ತೆ ಇನ್ನೊಬ್ಬರ ಮಾತನ್ನು ವಾದವಿಲ್ಲದೆ ಒಪ್ಪಿದ್ದು ಅದೊಂದೇ ಸಲ.

ಮಧ್ಯಾಹ್ನ ಊಟಕ್ಕೆ ಎಲೆ ಹಾಕುವಾಗ ನೀರು ಹಿತ್ತಿಲ ಬಾಗಿಲಿನಿಂದ, ಮನೆಯವರ ಹಾಗೆ, ಒಳಗೆ ಬಂತು. ನಾವು ಅಟ್ಟ ಹತ್ತಿದೆವು. ಯಂತ್ರಕ್ಕೆ ಕಾಲಿದ್ದರೂ ಹತ್ತಲು ಬರುತ್ತಿರಲಿಲ್ಲ. ಮೊದಲು ಪೆಡಲು ಮುಳುಗಿತು, ಆಮೇಲೆ ಚಕ್ರ, ಕೊನೆಗೆ ಸೂಜಿ.

ಅತ್ತೆ ಬೈಯಲಿಲ್ಲ. ಕೇಳಿದಳು: "ಹುಣ್ಣಿಮೆಗೆ ಕಡಲು ಉಬ್ಬುವುದು ನಿನ್ನ ಪುಸ್ತಕದಲ್ಲಿ ಉಂಟಾ?"

"ಉಂಟು." ಆ ಪ್ರಶ್ನೆಗೆ ನನಗೆ ಪೂರ್ಣ ಅಂಕ ಬಂದಿತ್ತು.

"ಮತ್ತೆ? ಕಡಲಿಗೇ ಹೊಟ್ಟೆ ತುಂಬಿದ್ರೆ ಘಟ್ಟದ ನೀರು ಎಲ್ಲಿಗೆ ಹೋಗ್ಬೇಕು? ನಮ್ಮಲ್ಲಿಗೇ ಊಟಕ್ಕೆ ಬರುವುದು."

ಯಂತ್ರ ಬಿಚ್ಚಿ, ತೊಳೆದು, ಮತ್ತೆ ಓಡುವವರೆಗೆ ಎರಡು ತಿಂಗಳು ಅವಳು ಕೈಯಲ್ಲೇ ಹೊಲಿದಳು. ನಾನು ಸೂಜಿಗೆ ನೂಲು ಪೋಣಿಸಿಕೊಟ್ಟೆ. ನನ್ನ ವಿದ್ಯೆ ಅಷ್ಟಕ್ಕಾದರೂ ಸಾಕಾಯಿತು. ತನ್ನ ಕಣ್ಣು ಮಂಜಾದಾಗ ಯಂತ್ರವನ್ನು ನನಗೇ ಕೊಟ್ಟಳು. ಶಿಕ್ಷೆಯೋ ಉಡುಗೊರೆಯೋ, ನಾನು ಕೇಳಲಿಲ್ಲ.

ಈಗ ಇದೇ ಪೇಟೆಯ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ತೋಳನ್ನು ಅರ್ಧಕ್ಕೆ ಬಿಟ್ಟು ಪಂಚಾಂಗ ನೋಡಿದೆ: ಹುಣ್ಣಿಮೆ. ಬೆಳಗಿನ ಬಸ್ಸಿನ ಕೆಸರನ್ನು ಆಗಲೇ ನೋಡಿದ್ದೆ. ಪಕ್ಕದ ಮನೆಯ ಮೇಷ್ಟ್ರನ್ನು ಕರೆದೆ.

"ಎಂತ ಟೀಚರ್, ನೀವೂ ಹುಣ್ಣಿಮೆ ನಂಬುವುದಾ? ಒಳ್ಳೆ ಬಿಸಿಲುಂಟಲ್ಲ!"

"ಉಂಟು," ಎಂದೆ. "ನೀವು ಆ ಕಡೆ ಹಿಡಿಯಿರಿ."