ಬಿಟ್ಟುಕೊಟ್ಟ ಪಾಳಿ

ನವಲಗುಂದದಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಮನುಷ್ಯ ಹತ್ತಿ ಪೇಟೆಯಲ್ಲಿ ತೂಕ ಮಾಡುವವನು. ತನ್ನ ಕಸುಬಿನ ಬಗ್ಗೆ ಅವನಿಗಿದ್ದ ಜಂಬ ನೋಡಿದರೆ ಸೂರ್ಯ ಚಂದ್ರರನ್ನೂ ಅವನೇ ತೂಗಿ ಮೇಲಕ್ಕೆ ಕಳಿಸಿರಬೇಕು ಅನ್ನಿಸುತ್ತಿತ್ತು. ಎಂಬತ್ತರ ದಶಕ ಅರ್ಧಕ್ಕೆ ಬಂದಿತ್ತು. ನಾನು ಕನ್ನಡ ಶಾಲೆಗೆ ಹೊಸದಾಗಿ ಬಂದ ಇಪ್ಪತ್ತಮೂರರ ಶಿಕ್ಷಕಿ. ಕೋಣೆ ನೋಡಲು ಹೋದ ದಿನವೇ, ನಾನು ಕೇಳದಿದ್ದರೂ, ತನಗೆ ಇಬ್ಬರು ಹೆಂಡಂದಿರು ಎಂದು ಹೇಳಿಬಿಟ್ಟ.

"ನಮ್ಮ ಧರ್ಮದಾಗ ಪರವಾನಗಿ ಐತ್ರಿ ಅಕ್ಕೋರ. ಆದ್ರ ಷರತ್ತೂ ಐತಿ. ಇಬ್ಬರನ್ನೂ ಅಗದಿ ಸಮ ನಡಸಬೇಕು. ನಾ ತೂಕದಾಂವ. ನನ್ನ ಮನ್ಯಾಗ ಒಂದ ಗುಂಜಿ ಹೆಚ್ಚುಕಡಿಮಿ ಇಲ್ರಿ."

ಆ ನ್ಯಾಯವನ್ನು ನಾನು ಎರಡು ವರ್ಷ ಕಣ್ಣಾರೆ ನೋಡಿದೆ. ನನ್ನ ಕೋಣೆ ಇದ್ದದ್ದು ಹಿರಿಯ ಹೆಂಡತಿಯ ಮನೆಯ ಮುಂಭಾಗದಲ್ಲಿ. ಅಂಗಳದಾಚೆಯ ಇನ್ನೊಂದು ಮನೆಯಲ್ಲಿ ಕಿರಿಯವಳು, ಕುಬಿಹಾಳದ ಕಡೆಯ ಹುಡುಗಿ. ಶುಕ್ರವಾರ ಸಂಜೆ ನಮಾಜು ಮುಗಿಸಿ ಬಂದವನು ಅಂಗಳದಲ್ಲಿ ತಕ್ಕಡಿ ಹಿಡಿದು ಕೂರುತ್ತಿದ್ದ. ಎರಡೂ ತಟ್ಟೆಗೆ ಜಿಲೇಬಿ ಹಾಕುತ್ತಿದ್ದ. ಒಂದು ತಟ್ಟೆ ಕೆಳಗಿಳಿದರೆ ಅದರಿಂದ ಒಂದು ತುಂಡು ಮುರಿದು ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಈಗ ಇನ್ನೊಂದು ಇಳಿಯುತ್ತಿತ್ತು. ಅದರಿಂದಲೂ ಒಂದು ತುಂಡು. ಹೀಗೆ ನ್ಯಾಯ ಮಾಡಿ ಮಾಡಿ ಅವನ ಹೊಟ್ಟೆ ಮುಂದಕ್ಕೆ ಬಂದಿತ್ತು.

ಸೀರೆಗಳು ಒಂದೇ ಬಣ್ಣ, ಒಂದೇ ಅಂಚು. ಬಾಚಣಿಗೆ ಎರಡು, ಛತ್ರಿ ಎರಡು. ಚಪ್ಪಲಿ ಕೂಡ ಒಂದೇ ಅಳತೆಯವು. ಕಿರಿಯವಳು ಗಿಡ್ಡಿ, ಸಣ್ಣ ಪಾದದವಳು, ಅವಳಿಗೆ ಸರಿಹೋಗುತ್ತಿದ್ದವು. ಹಿರಿಯವಳು ಎತ್ತರದ ಹೆಂಗಸು. ಅವಳ ಹಿಮ್ಮಡಿ ಚಪ್ಪಲಿಯಿಂದ ಎರಡು ಬೆರಳಷ್ಟು ಹೊರಗೆ ಬಂದು ನೆಲ ಸವರುತ್ತಿತ್ತು. ಒಮ್ಮೆ ಅವಳು ದೊಡ್ಡ ಅಳತೆ ಕೇಳಿದ್ದಕ್ಕೆ, "ಆಕಿದಕ್ಕಿಂತ ದೊಡ್ಡದು ನಿನಗ ಕೊಟ್ರ ಸಮ ಹೆಂಗ ಆತು?" ಎಂದನಂತೆ. ಇಂಥ ತಲೆಗೆ ಮಾತು ತಟ್ಟುವುದಾದರೂ ಹೇಗೆ?

ರಾತ್ರಿಗಳನ್ನೂ ಹೀಗೇ ಹಂಚಿದ್ದ, ಒಂದು ಇಲ್ಲಿ, ಒಂದು ಅಲ್ಲಿ. ಅದಕ್ಕೆ ಪಾಳಿ ಅನ್ನುತ್ತಿದ್ದರು, ಬಸ್ಸಿನ ಡ್ರೈವರಿಗೆ ಇರುವಂತೆ.

ಹಿರಿಯವಳು ಜಮಖಾನ ನೇಯುತ್ತಿದ್ದಳು. ಒಳಕೋಣೆಯಲ್ಲಿ ನೆಲದಿಂದ ತೊಲೆಯವರೆಗೆ ನಿಂತ ಮಗ್ಗ ಅವಳ ತಾಯಿ ಕೊಟ್ಟದ್ದು. ಶಾಲೆ ಬಿಟ್ಟ ಮೇಲೆ ನಾನು ಚಹಾ ಹಿಡಿದು ಅಲ್ಲಿಯೇ ಕೂರುತ್ತಿದ್ದೆ. ಅವಳು ನೂಲಿನ ಸಾಲನ್ನು ಕಬ್ಬಿಣದ ಬಾಚಣಿಗೆಯಂಥ ಪಂಜದಿಂದ ಬಡಿದು ಕೂರಿಸುತ್ತ ಮಾತಾಡುತ್ತಿದ್ದಳು. ಹನ್ನೊಂದು ವರ್ಷ ಮಕ್ಕಳಾಗಲಿಲ್ಲ. ಅದೇ ನೆಪವಾಗಿ ಎರಡನೆಯ ಲಗ್ನ.

"ನಿಮ್ಮನ್ನ ಕೇಳಲಿಲ್ಲೇನ್ರಿ?" ಅಂದೆ ಒಂದು ದಿನ.

"ಕೇಳಿದ್ರಿ. ಕೇಳೂದರಾಗ ಲಗ್ನದ ಸೀರಿ ತಂದಾಗಿತ್ತು."

ಅವಳ ತಂದೆ ಮಸೂತಿಯಲ್ಲಿ ಮಕ್ಕಳಿಗೆ ಧರ್ಮಗ್ರಂಥ ಓದಲು ಕಲಿಸುತ್ತಿದ್ದವರು. ಮಗಳಿಗೂ ಅರ್ಥಸಹಿತ ಕಲಿಸಿದ್ದರು. ಗಂಡನಿಗೆ ಗೊತ್ತಿದ್ದದ್ದು ಪರವಾನಗಿ ಮತ್ತು ಅರ್ಧ ಷರತ್ತು. ಷರತ್ತು ಪೂರಾ ಗೊತ್ತಿದ್ದದ್ದು ಇವಳಿಗೆ. "ಸಮ ನಡಸಾಕ ಆಗೂದಿಲ್ಲ ಅಂತ ಅಂಜಿಕಿ ಇದ್ರ ಒಬ್ಬಾಕಿನ ಸಾಕು ಅಂತ ಐತ್ರಿ, ಅಲ್ಲೇ ಬಾಜೂಕ. ಮುಂದ ಇನ್ನೊಂದ ಕಡೆ, ಎಷ್ಟ ಆಸೆ ಪಟ್ರೂ ನಿಮಗ ಪೂರಾ ಸಮ ಮಾಡಾಕ ಆಗೂದಿಲ್ಲ ಅಂತ ಐತಿ. ಅದನ್ನ ಯಾರ ಓದತಾರ? ಎಲ್ಲಾರಿಗೂ ನಾಕು ಅನ್ನೂದೊಂದ ಕಾಣತೈತಿ. ಇವರಿಗಂತೂ ಅಂಜಿಕೀನ ಇಲ್ಲ. ತಕ್ಕಡಿ ಐತೆಲ್ಲ!" ಎಂದು ಪಂಜ ಎತ್ತಿ ಒಂದೇಟು ಜೋರಾಗಿ ಬಡಿದಳು.

ಶಾಲೆಯಲ್ಲಿ ನನ್ನ ಸಹೋದ್ಯೋಗಿಗಳಿಗೆ ನಾನು ಇರುವ ಮನೆಯೇ ಒಂದು ತಮಾಷೆ. "ಅವರದೇನ್ರಿ, ನಾಕ ಮಂದಿಗೆ ಲೈಸೆನ್ಸ್," ಎಂದು ಚಹಾ ಕುಡಿಯುತ್ತ ನಗುತ್ತಿದ್ದರು. ನಾನೂ ಹಲ್ಲು ಕಿಸಿಯುತ್ತಿದ್ದೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ. ಅಣ್ಣಿಗೇರಿಯ ನಮ್ಮ ಮನೆಯಲ್ಲಿ, ಕಚೇರಿ ಕೆಲಸದಿಂದ ನಿವೃತ್ತನಾದ ನನ್ನ ಅಜ್ಜ, ಹದಿನೈದು ದಿನಕ್ಕೊಮ್ಮೆ ಇಸ್ತ್ರಿ ಧೋತರ ಉಟ್ಟು "ಹೊಲ ನೋಡಲು" ಹೋಗುತ್ತಿದ್ದ. ಇಸ್ತ್ರಿ ಧೋತರ ಉಟ್ಟು ಯಾವ ಹೊಲ ನೋಡುತ್ತಾರೆ? ಊರಿಗೆಲ್ಲ ಗೊತ್ತಿತ್ತು. ಎರಡು ದಿನ, ಕೆಲವೊಮ್ಮೆ ನಾಲ್ಕು ದಿನ ಬರುತ್ತಿರಲಿಲ್ಲ. ಅಜ್ಜಿ ರೊಟ್ಟಿ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಆ ಹೊಲಕ್ಕೆ ಯಾವ ಷರತ್ತೂ ಇರಲಿಲ್ಲ, ಅಲ್ಲಿದ್ದ ಹೆಂಗಸಿಗೆ ಹೆಂಡತಿ ಅನ್ನುವ ಮಾತೂ ಇರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಶಾಲೆಯಲ್ಲಿ ಬಾಯಿ ತುಂಬ ಚೂಡಾ ತುಂಬಿಕೊಂಡು ಅವರೊಂದಿಗೆ ನಗುತ್ತಿದ್ದೆ.

ಎರಡನೆಯ ವರ್ಷ ಕಿರಿಯವಳಿಗೆ ಗಂಡು ಕೂಸು ಹುಟ್ಟಿತು. ತೂಕದವ ಕಲಘಟಗಿಗೆ ಹೋಗಿ, ಬಸ್ಸಿನ ಮೇಲೆ ಹೇರಿಸಿಕೊಂಡು, ಬಣ್ಣದ ತೊಟ್ಟಿಲು ತಂದ. ಒಂದಲ್ಲ, ಎರಡು. ಎರಡೂ ಒಂದೇ ಅಳತೆ, ಒಂದೇ ಕೆಂಪು, ಒಂದೇ ಹೂಬಳ್ಳಿ. ಒಂದನ್ನು ಅಂಗಳದಾಚೆ ಇಳಿಸಿ, ಇನ್ನೊಂದನ್ನು ಹೊತ್ತು ಹಿರಿಯವಳ ಒಳಕೋಣೆಗೆ ಬಂದ. ನಾನು ಅಲ್ಲೇ ಕೂತಿದ್ದೆ.

"ಮಗ್ಗ ಬಿಚ್ಚು," ಅಂದ. "ಮನ್ಯಾಗ ಗಟ್ಟಿ ತೊಲಿ ಅಂದ್ರ ಇದೊಂದ. ತೊಟ್ಟಲಾ ಇಲ್ಲೇ ಕಟ್ಟಬೇಕು."

ಅವಳು ಪಂಜ ಕೆಳಗಿಟ್ಟು ತೊಟ್ಟಿಲೊಳಗೆ ಇಣುಕಿದಳು. "ಇದರಾಗ ಯಾರನ್ನ ಮಲಗಸಲಿ?"

"ಅದು ನನ್ನ ಕೈಯಾಗಿಲ್ಲ. ಆಕಿಗೆ ತಂದಿದ್ದು ನಿನಗೂ ತರಬೇಕು, ತಂದೇನಿ. ಮತ್ತ ನಿನಗ ಮಗ್ಗ ಐತಿ, ಆಕಿಗಿಲ್ಲ. ಆಕಿ ತವರಮನಿಯವರು ಆಡಿ ತೋರಸಾಕ ಹತ್ಯಾರ. ಮಗ್ಗ ಹೋತಂದ್ರ ಅದೂ ಸಮ ಆಗತೈತಿ." ಕೀಲು ಗಟ್ಟಿ ಇವೆಯೋ ಇಲ್ಲವೋ ನೋಡಲು ಖಾಲಿ ತೊಟ್ಟಿಲನ್ನು ಆ ಕಡೆ ಈ ಕಡೆ ಅಲ್ಲಾಡಿಸಿದ. ಆಮೇಲೆ ಶಾಭಾಸ್‌ಗಿರಿ ಬೇಡುವವನಂತೆ ನನ್ನ ಕಡೆ ತಿರುಗಿ, "ಹೆಂಗ್ರಿ ಅಕ್ಕೋರ?" ಎಂದ. ನನ್ನ ಮೈ ಉರಿದುಹೋಯಿತು. ಮಕ್ಕಳಿಲ್ಲದ ಹೆಂಗಸಿನ ತಲೆಯ ಮೇಲೆ ಖಾಲಿ ತೊಟ್ಟಿಲು ಕಟ್ಟಿ ಅದನ್ನು ನ್ಯಾಯ ಅನ್ನುವ ಮುಖವನ್ನು ಅದಕ್ಕೂ ಮುಂಚೆ ನಾನು ಕಂಡಿರಲಿಲ್ಲ.

ಶುಕ್ರವಾರ ಆಳು ಕರೆತಂದು ಮಗ್ಗ ಇಳಿಸುತ್ತೇನೆ ಎಂದು ಹೇಳಿ ಹೋದ. ಆ ಮನೆಯಲ್ಲಿ ತನ್ನದು ಅನ್ನಲು ಅವಳಿಗೆ ಇದ್ದದ್ದು ಆ ಮಗ್ಗ ಒಂದೇ. ನಾಲ್ಕು ದಿನ ಅವಳು ಒಂದೇ ಸಮನೆ ನೇಯುತ್ತಿದ್ದಳು. ತೊಟ್ಟಿಲು ಮೂಲೆಯಲ್ಲಿ ಬಿದ್ದಿತ್ತು.

ಶುಕ್ರವಾರ ಸಂಜೆ ಅವನು ಇಬ್ಬರು ಆಳುಗಳೊಂದಿಗೆ ಬಂದಾಗ ಅವಳು ಸೆರಗು ಸರಿಪಡಿಸಿಕೊಂಡು ಬಾಗಿಲಲ್ಲಿ ನಿಂತಳು.

"ಒಂದ ಮಾತ ಹೇಳ್ರಿ. ನನ್ನ ಪಾಳಿ ಐತೆಲ್ಲ, ಅದು ಯಾರದು?"

"ನಿಂದ. ಅದರಾಗ ನಾ ಯಾವತ್ತರ ತಪ್ಪೇನೇನು?"

"ನಂದಂದ್ರ ಬಿಡೂದೂ ನಂದ. ಇವತ್ತಿಂದ ನನ್ನ ಪಾಳಿ ಆಕಿಗೆ ಬಿಟ್ಟುಕೊಟ್ಟೇನಿ. ತೊಟ್ಟಲಾನೂ ಆಕಿಗೇ. ನನ್ನ ಪಾಲ ನಾನ ಬಿಟ್ಟ ಮ್ಯಾಲ ಸಮ ಮಾಡೂ ತ್ರಾಸ ನಿಮಗ ಉಳೀಲಿಲ್ಲ. ಮಗ್ಗ ಎಲ್ಲೈತಿ ಅಲ್ಲೇ ಇರತೈತಿ."

ಅವನು ಆಳುಗಳ ಕಡೆ ನೋಡಿ ನಕ್ಕ. "ಹಂಗ ಬಿಡಾಕ ಬರತೈತೇನು, ಹುಚ್ಚಿ?"

"ಮಸೂತ್ಯಾಗ ಕೇಳಿ ಬರ್ರಿ."

ಎದೆ ಸೆಟೆಸಿಕೊಂಡು ಹೋದ. ಅರ್ಧ ತಾಸಿನಲ್ಲಿ ವಾಪಸು ಬಂದ. ಮುಖ ನೋಡಿಯೇ ನನಗೆ ತಿಳಿಯಿತು. ಪಾಳಿ ಹೆಂಡತಿಯ ಹಕ್ಕು, ತಾನಾಗಿ ಸವತಿಗೆ ಬಿಟ್ಟುಕೊಡಬಹುದು, ಮನಸ್ಸಾದಾಗ ತಿರುಗಿ ಕೇಳಲೂಬಹುದು ಎಂದಿದ್ದರಂತೆ ಅಲ್ಲಿಯ ಹಿರಿಯರು. ಅನ್ನ ಬಟ್ಟೆ ಮಾತ್ರ ಗಂಡ ತಪ್ಪಿಸುವಂತಿಲ್ಲ. ಅವಳ ತಾಯಿ ಕೊಟ್ಟ ಮಗ್ಗದ ಮೇಲೆ ಅವನಿಗೆ ಹಕ್ಕೇ ಇಲ್ಲ. ಇಬ್ಬರು ಆಳುಗಳು ಬೀಡಿ ಹಚ್ಚಿಕೊಂಡು ನಗು ನುಂಗುತ್ತ ಹೊರಟರು. ತೂಕದವ ತೊಟ್ಟಿಲನ್ನು ತಾನೇ ಹೊತ್ತು ಅಂಗಳ ದಾಟಿದ. ಮುಂದೆ ಆ ಎರಡನೆಯ ತೊಟ್ಟಿಲಲ್ಲಿ ಕಿರಿಯವಳು ಉಳ್ಳಾಗಡ್ಡಿ ತುಂಬಿಟ್ಟಳು.

ಮರುದಿನ ಬೆಳಿಗ್ಗೆ ಅವನು ನನ್ನ ಕಿಟಕಿಗೆ ಬಂದು ನಿಂತ. "ನೀವರ ಹೇಳ್ರಿ ಅಕ್ಕೋರ, ಓದಿದಾವರು. ನಾ ಆಕಿಗೆ ಏನ ಕಡಿಮಿ ಮಾಡೇನ್ರಿ?"

"ಎರಡ ಬಟ್ಟು," ಅಂದೆ.

"ಏನ್ರಿ ಅದು?"

"ಚಪ್ಪಲ್ರಿ."

ಅವನಿಗೆ ತಿಳಿಯಲಿಲ್ಲ. ತಿಳಿಯುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ, ಹೇಳಿ ಕಿಟಕಿ ಹಾಕಿಕೊಂಡೆ. ಒಳಗಿನಿಂದ ಪಂಜದ ಸದ್ದು ಕೇಳುತ್ತಿತ್ತು.

ದೀಪಾವಳಿ ರಜೆಗೆ ಅಣ್ಣಿಗೇರಿಗೆ ಹೋದೆ. ಅಜ್ಜ ಹೊಲ ನೋಡಲು ಹೋಗಿದ್ದ. ಅಜ್ಜಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನ ಮಾಡುತ್ತಿದ್ದಳು. ನಾನು ತೂಕದವನ ಕತೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಜಿಲೇಬಿಗೆ ನಕ್ಕಳು, ಚಪ್ಪಲಿಗೆ ಇನ್ನೂ ಜೋರಾಗಿ ನಕ್ಕಳು. "ಇಂಥಾ ಮಂದಿ ನೋಡಬೇ ಅವರು!" ಎಂದು ನಾನೂ ನಕ್ಕೆ. ಕಡೆಗೆ ಹಿರಿಯವಳು ಪಾಳಿ ಬಿಟ್ಟುಕೊಟ್ಟದ್ದನ್ನು ಹೇಳಿದೆ. ಅಜ್ಜಿಯ ಕೈ ನಿಂತಿತು.

"ಅಂದ್ರ, ಆಕಿಗೆ ಪಾಳಿ ಅಂತ ಒಂದ ಇತ್ತು?"

"ಹೂಂಬೇ. ಒಂದ ದಿನ ಆಕಿದು, ಒಂದ ದಿನ ಈಕಿದು."

"ಕೇಳಾಕ ಒಂದ ಜಾಗಾನೂ ಇತ್ತು."

"ಇತ್ತು."

ಅವಳು ಜೋಳದಿಂದ ಒಂದು ಹರಳು ಆರಿಸಿ ಹೊರಗೆ ಎಸೆದಳು. ನನ್ನ ಮುಖ ನೋಡಲಿಲ್ಲ.

"ನನಗ ಬಿಡಾಕರ ಏನ ಕೊಟ್ಟಿದ್ರವಾ?"