ಗರಿ ಕೊಡುವ ಕೈ

ನನ್ನ ಮದುವೆಯ ಬಗ್ಗೆ ನಮ್ಮೂರಲ್ಲಿ ಒಂದು ಕಥೆ ಇದೆ. ಅದರಲ್ಲಿ ನಾನು ಇಲ್ಲವೇ ಇಲ್ಲ. ಮದುಮಗ ಎಂಬವನೊಬ್ಬ ಬಾಸಿಂಗ ಕಟ್ಟಿಕೊಂಡು ಎಲ್ಲೋ ಹಿಂದೆ ಕೂತಿರುತ್ತಾನೆ; ಕಥೆಯೆಲ್ಲ ನನ್ನ ಅಣ್ಣನದು, ಅವನ ಬಿಳಿ ಟೋಪಿಯದು. ಹೇಳುವವರು ಹೇಳಿ ಹೇಳಿ ಅದನ್ನು ಎಷ್ಟು ನುಣ್ಣಗೆ ಮಾಡಿದ್ದಾರೆಂದರೆ, ಹಾಗೆ ನಡೆದಿರಲಿಕ್ಕಿಲ್ಲ ಎಂದು ನನಗೇ ಅನುಮಾನ ಬರುತ್ತದೆ. ಒರಟಾಗಿ ಉಳಿದ ಭಾಗಗಳನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ನಮ್ಮೂರು ಅಫಜಲಪುರ ತಾಲ್ಲೂಕಿನದು, ಭೀಮಾ ನದಿಗೆ ದೂರವಲ್ಲ. ಆ ವರ್ಷ ಗಡಿಯಾಚೆ ಇಂಗ್ಲಿಷರು ಹೋಗಿಯಾಗಿತ್ತು. ನಾವು ಹೈದರಾಬಾದ್ ಸಂಸ್ಥಾನದವರು, ಇನ್ನೂ ಹಾಗೇ ಇದ್ದೆವು. ಅಣ್ಣ ಆಳಂದಕ್ಕೆ ಹೋಗಿ, ಅಲ್ಲಿಂದ ಹಿರೋಳ್ಳಿ ದಾಟಿ, ಸಂಸ್ಥಾನದ ಸರ್ಕಾರದ ವಿರುದ್ಧ ಚಳವಳಿ ನಡೆಸುವವರ ಗಡಿಯಾಚೆಯ ಶಿಬಿರದಲ್ಲಿ ಕೆಲವು ವಾರ ಇದ್ದು ಬಂದ. ಹೋಗುವಾಗ ತಲೆಗೆ ರುಮಾಲು ಇತ್ತು, ಬರುವಾಗ ಬಿಳಿ ಟೋಪಿ. ದೊಡ್ಡವ್ವ ಬಾಗಿಲಲ್ಲೇ ನಿಲ್ಲಿಸಿ ಅದನ್ನು ನೋಡಿದಳು. ನಮ್ಮಿಬ್ಬರನ್ನೂ ಸಾಕಿದವಳು ಅವಳೇ.

"ಇಷ್ಟು ಸಣ್ಣದು ಯಾಕೋ? ಬಿಸಲಿಗಿ ಕಿವಿ ಸೈತ ಮುಚ್ಚಂಗಿಲ್ಲ."

"ಇದು ಬಿಸಲಿಗಲ್ಲ ದೊಡ್ಡವ್ವಾ."

"ಮತ್ತ ತಲಿ ಮ್ಯಾಗ ಯಾಕ ಇಟ್ಟೀದಿ?"

ಚಳವಳಿಯ ಬಗ್ಗೆ ಊರಿನ ಅಭಿಪ್ರಾಯಗಳು ತಯಾರಾಗುತ್ತಿದ್ದುದು ನಮ್ಮ ಪಡಸಾಲೆಯಲ್ಲಿ. ದೊಡ್ಡವ್ವ ಕಂಬಕ್ಕೆ ಒರಗಿ ಹತ್ತಿ ಬಿಡಿಸುತ್ತ ಕೂರುವಳು. ಬಾಡಿಗೆ ಬಂಡಿ ಹೊಡೆಯುತ್ತಿದ್ದ ಪಕ್ಕದ ಮನೆಯ ಚಾಚಾ ಎತ್ತಿಗೆ ಮೇವು ಹಾಕಿ ಬಂದು ಮೆಟ್ಟಿಲ ಮೇಲೆ ಕೂರುವನು. ಇಬ್ಬರೂ ಸೇರಿ ಹೈದರಾಬಾದಿನಿಂದ ಹಿಡಿದು ನಮ್ಮ ಅಣ್ಣನವರೆಗೆ ಯಾರನ್ನೂ ಬಿಡುತ್ತಿರಲಿಲ್ಲ.

"ಉಪಾಸ ಕುಂತ್ರ ಸರಕಾರ ಬೀಳ್ತಿತ್ತಂದ್ರ, ನಮ್ಮತ್ತಿ ಇದ್ದಾಗೇ ನಾ ಯಾವಾಗೋ ಬೀಳಿಸಿರ್ತಿದ್ದೆ" ಎನ್ನುವಳು ದೊಡ್ಡವ್ವ.

"ಅರೆ ಅಕ್ಕಾ, ನೀ ಉಪಾಸ ಇದ್ದದ್ದು ನಿಮ್ಮತ್ತಿಗಿ ಗೊತ್ತಾದ್ರ ಅಲ್ಲ? ಇವರದು ಹಂಗಲ್ಲ, ಇವರು ಊರಿಗೆಲ್ಲ ಹೇಳಿ ಉಪಾಸ ಕೂಡ್ತಾರ."

ಅಣ್ಣ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ಚಳವಳಿಗಾರರ ಬಗ್ಗೆ ನನಗೆ ಆಗ ಭಕ್ತಿ ಇರಲಿಲ್ಲ, ಈಗ ತಿರಸ್ಕಾರವೂ ಇಲ್ಲ. ಅವರಿಗೆ ಎದುರಾಳಿ ಯಾರೆಂಬುದು ಚೆನ್ನಾಗಿ ಗೊತ್ತಿತ್ತು. ಎದುರಾಳಿಗೂ ತಮ್ಮ ಕೊಡಲಿಗೂ ನಡುವೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡುವ ಪುರುಸೊತ್ತು ಇರಲಿಲ್ಲ. ನಮ್ಮೂರಲ್ಲಿ ಹಾಗೆ ನಿಂತಿದ್ದವನು ಸಿಂದಿ, ಅಂದರೆ ಈಚಲ ಹೆಂಡ, ಇಳಿಸುವವನು.

ಊರ ಹೊರಗಿನ ಹಳ್ಳದ ದಂಡೆಯಲ್ಲಿ ಈಚಲು ಮರಗಳ ಸಾಲು ಇತ್ತು. ಸಿಂದಿಯ ಗುತ್ತಿಗೆಯಿಂದ ಸರ್ಕಾರಕ್ಕೆ ದೊಡ್ಡ ಆದಾಯ, ಆದ್ದರಿಂದ ಸಿಂದಿ ಮರ ಕಡಿಯಿರಿ ಎಂದು ಶಿಬಿರದಲ್ಲಿ ಹೇಳಿಕೊಟ್ಟಿದ್ದರು. ಮರದಲ್ಲಿ ಸಿಂದಿ ಇಳಿಸುತ್ತಿದ್ದವನನ್ನು ಊರೆಲ್ಲ ಮಾಮಾ ಎನ್ನುತ್ತಿತ್ತು. ಹಾಗೆ ಕರೆದವರು ಅವನನ್ನು ಮನೆಯೊಳಗೆ ಕರೆಯುತ್ತಿರಲಿಲ್ಲ, ಅದು ಬೇರೆ. ಆದರೆ ಅವನಿಲ್ಲದೆ ಊರಲ್ಲಿ ಒಂದು ಲಗ್ನವೂ ಆಗುತ್ತಿರಲಿಲ್ಲ. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನು ನಮ್ಮಲ್ಲಿ ಈಚಲು ಸುಳಿಯ ಹಸಿ ಗರಿಯಿಂದ ಹೆಣೆಯುತ್ತಿದ್ದರು. ಲಗ್ನದ ಮುಂಜಾನೆ ಮಾಮಾ ಹಂದರದ ಹೊರಗೆ ನಿಂತು ಗರಿಯನ್ನು ಕೈಯಾರೆ ಕೊಡಬೇಕು. ಕೊಟ್ಟ ಮೇಲೆ ತಲೆಯ ರುಮಾಲು ಬಿಚ್ಚಿ ಎರಡೂ ಕೈಯಲ್ಲಿ ಹಿಡಿಯಬೇಕು. ಮನೆಯವರು ಅದರಲ್ಲಿ ಜೋಳ ಸುರಿದು, ಮೇಲೆ ಒಂದು ತೆಂಗಿನಕಾಯಿ, ಒಂದು ರವಿಕೆಯ ಖಣ ಇಡಬೇಕು. ಆಮೇಲೆ ಉಳಿದ ಶಾಸ್ತ್ರ. ಲಗ್ನ ಮಾಡಿಸುವ ಅಯ್ಯನವರು ಬಂದು ಕೂತಿದ್ದರೂ ಅವನಿಗಾಗಿ ಕಾಯುತ್ತಿದ್ದರು.

ಅಣ್ಣ ಮತ್ತು ಅವನ ಜೊತೆಗಾರರು ಕೊಡಲಿ ಹಿಡಿದು ಹಳ್ಳಕ್ಕೆ ಹೋದದ್ದು ಸಂಕ್ರಾಂತಿಯ ಆಸುಪಾಸು. ನಾನೂ ನೋಡಲು ಹೋಗಿದ್ದೆ. ಕಡಿಯಲು ಅಲ್ಲ, ಕಡಿಯಬಾರದು ಎನ್ನಲೂ ಅಲ್ಲ. ಮಾಮಾ ಮರದಿಂದ ಇಳಿದು, ಸೊಂಟದ ಹಗ್ಗ ಬಿಚ್ಚುತ್ತ ಬಂದ.

"ಎಲ್ಲಾ ಕಡೀತೀರೇನ್ರಿ ಧಣೀ?"

"ಎಲ್ಲಾ. ನಿನ್ನ ಮ್ಯಾಲಿನ ಸಿಟ್ಟಿಗಲ್ಲ ಮಾಮಾ. ಸಿಂದಿ ರೊಕ್ಕ ಸರಕಾರಕ್ಕ ಹೋಗ್ತದ, ಅದಕ್ಕ."

"ಸಿಂದಿ ಗುತ್ತೇದಾರಂದು, ಗಿಡ ಸರಕಾರದ್ದು. ಅವೆರಡೂ ನೀವೇ ನೋಡಿಕೊಳ್ರಿ. ಗರಿ ಮಾತ್ರ ನಂದದ. ಆ ಮೂಲ್ಯಾಗಿನ ನಾಕು ಗಿಡ ಬಿಡ್ರಿ, ಊರಾಗ ನನ್ನ ಹೆಸರು ಉಳೀತದ."

ಅಣ್ಣ ಯೋಚಿಸಿದ. ಅವನು ಯೋಚಿಸಿದ್ದನ್ನು ನಾನು ನೋಡಿದೆ ಎಂದು ಬರೆಯಲು ಧೈರ್ಯವಿದೆ, ಏಕೆಂದರೆ ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಹೇಳಿದ:

"ನಾಕು ಬಿಟ್ರ ಆ ನಾಕಕ್ಕೂ ಗುತ್ತೇದಾರ ಸಿಂದಿ ಇಳಿಸ್ತಾನ. ಆಗಂಗಿಲ್ಲ ಮಾಮಾ. ನಾಳೆ ನಮ್ಮ ರಾಜ್ಯ ಬಂದ ಮ್ಯಾಲ ನಿನಗ ಬ್ಯಾರೆ ಕೆಲಸ ಕೊಡ್ತೀವಿ."

"ಕೆಲಸ ಯಾರು ಕೇಳಿದ್ರು?" ಎಂದ ಮಾಮಾ. ಅದನ್ನು ನನ್ನ ಕಡೆ ತಿರುಗಿ ಅಂದ, ಅಣ್ಣನ ಕಡೆ ಅಲ್ಲ.

ಕಡಿಯುವ ಕೆಲಸ ಸುಲಭವಾಗಲಿಲ್ಲ. ಈಚಲಿಗೆ ಮೈಯೆಲ್ಲ ಮುಳ್ಳು. ಅಂಗಡಿಯಲ್ಲಿ ಕೂತು ಬೆಳೆದ ಕೈಗಳು ಮಧ್ಯಾಹ್ನದ ಹೊತ್ತಿಗೆ ರಕ್ತವಾಗಿದ್ದವು. ಆದರೂ ಒಂದೂ ಬಿಡದೆ ಮಲಗಿಸಿದರು. ಆಮೇಲೆ ಬಿದ್ದ ಮರಗಳ ಮೇಲೆ ಸಾಲಾಗಿ ಕೂತರು, ಬಂಧಿಸಲು ಯಾರಾದರೂ ಬರುತ್ತಾರೆಂದು. ಯಾರೂ ಬರಲಿಲ್ಲ. ಪೊಲೀಸ್ ಅಮೀನ ಜೇವರ್ಗಿ ಕಡೆ ಹೋಗಿದ್ದಾನೆ ಎಂದು ಒಬ್ಬ ಅಂದ, ಅಫಜಲಪುರದಲ್ಲೇ ಮಲಗಿದ್ದಾನೆ ಎಂದು ಇನ್ನೊಬ್ಬ. ಘೋಷಣೆ ಕೂಗಿದರು, ಗಂಟಲು ಒಣಗಿತು, ನಿಲ್ಲಿಸಿದರು. ಕೂರಲು ಬೇರೆ ಜಾಗವಿಲ್ಲದ ಮಾಮಾನೂ ಅದೇ ಮರಗಳ ಮೇಲೆ, ಸಾಲಿನ ಕೊನೆಯಲ್ಲಿ ಕೂತ. ಆಗ ಅಮೀನ ಬಂದಿದ್ದರೆ ಅವನನ್ನೂ ಚಳವಳಿಗಾರನೆಂದೇ ಹಿಡಿದೊಯ್ಯುತ್ತಿದ್ದ.

ಇಳಿಹೊತ್ತಿಗೆ ದೊಡ್ಡವ್ವ ರೊಟ್ಟಿಯ ಬುಟ್ಟಿ ಹೊತ್ತು ತಾನೇ ಬಂದಳು. ಮೊದಲ ರೊಟ್ಟಿ ಮಾಮಾನಿಗೆ ಕೊಟ್ಟಳು. "ಇವರು ಜೇಲಿಗಿ ಹೋಗಾವ್ರು, ಅಲ್ಲಿ ಸಿಗ್ತದ. ನೀ ತಿನ್ನು" ಎಂದಳು. ಅಣ್ಣನ ಕೈಗೆ ಬುಟ್ಟಿ ಕೊಟ್ಟು, ಬಿದ್ದ ಮರಗಳನ್ನು ನೋಡಿ, "ನಿನ್ನ ತಮ್ಮನ ಲಗ್ನ ಉಗಾದಿ ಮುಂದ ಅದ ಅನ್ನೂದು ನೆಪ್ಪದ ಏನು?" ಎಂದು ಕೇಳಿದಳು.

ನೆನಪಿರಲಿಲ್ಲ. ನನಗೂ ಇರಲಿಲ್ಲ.

ಉಗಾದಿ ಬರುವುದರೊಳಗೆ ಕಡಿದ ಗರಿಗಳೆಲ್ಲ ಒಣಗಿ ಒಲೆಗೆ ಹೋಗಿದ್ದವು. ಹಸಿ ಗರಿಯೇನೂ ಲೋಕದಲ್ಲಿ ಮುಗಿದಿರಲಿಲ್ಲ. ಚಾಚಾ ಬಂಡಿ ಹೊಡೆದುಕೊಂಡು ಹೊಳೆ ದಾಟಿ, ಜೇವರ್ಗಿ ಕಡೆಯ ಒಂದು ಹಳ್ಳದಿಂದ ಒಂದು ಹೊರೆ ತಂದ. ಊರಿನವರು ಹೇಳುವ ಕಥೆಯಲ್ಲಿ ಗರಿಯೇ ಸಿಗದೆ ಮುಹೂರ್ತ ತಪ್ಪುವ ಹಾಗಿರುತ್ತದೆ, ಅದು ಸುಳ್ಳು. ತೊಡಕು ಬೇರೆ ಇತ್ತು. ಗರಿ ಬಂತು, ಅದನ್ನು ಕೊಡುವ ಕೈ ಯಾವುದು?

ಲಗ್ನದ ಹಿಂದಿನ ದಿನ ಅಣ್ಣ ಹೊರೆ ಹೊತ್ತುಕೊಂಡು ಮಾಮಾನ ಗುಡಿಸಲಿಗೆ ಹೋದ. ನಾನು ಅರಿಷಿಣ ಹಚ್ಚಿಸಿಕೊಂಡಿದ್ದೆ, ಹೊರಗೆ ಹೋಗುವಂತಿರಲಿಲ್ಲ. ಅಲ್ಲಿ ನಡೆದದ್ದನ್ನು ಜೊತೆಗೆ ಹೋಗಿದ್ದ ಚಾಚಾನ ಬಾಯಿಂದ ಕೇಳಿದ್ದೇನೆ; ಅವನು ಮಾತಿಗೆ ಸ್ವಲ್ಪ ಮಸಾಲೆ ಹಾಕುವವನು.

"ಇದನ್ನ ನಾಳೆ ನೀ ಕೊಡು ಮಾಮಾ" ಎಂದನಂತೆ ಅಣ್ಣ.

"ಪರ ಊರಿನ ಗರಿ, ನಾ ಹ್ಯಾಂಗ ಕೊಡ್ಲಿ? ನಾ ಇಳಿಸಿದ್ದು ಕೊಡ್ತೇನಿ. ಇದು ನೀವು ತಂದದ್ದು."

"ತಂದದ್ದು ನಾನು. ಕೊಡೂದು ನಿನ್ನ ಹಕ್ಕು."

"ಹಕ್ಕು ಹಳ್ಳದಾಗ ಮಲಗ್ಯದ. ಕಡಿದ ಕೈನೇ ಕೊಡ್ಲಿ ಧಣೀ. ಹಂದರದ ಹೊರಗ ನಿಂದರೂದು ಏನೂ ಕಠಿಣ ಇಲ್ಲ, ಕಾಲಿಗಿ ಸ್ವಲ್ಪ ಬಿಸಲು ಬಡೀತದ ಅಷ್ಟೇ."

ಅಣ್ಣ ಮನೆಗೆ ಬಂದು ದೊಡ್ಡವ್ವನಿಗೆ ಹೇಳಿದ. ಶಾಸ್ತ್ರ ಬಿಟ್ಟುಬಿಡೋಣ, ಇವೆಲ್ಲ ಹಳೆಯ ಕಟ್ಟುಪಾಡು ಎಂದೂ ಹೇಳಿದ. ಹತ್ತಿಯಿಂದ ಕೈ ಎತ್ತದೆ ದೊಡ್ಡವ್ವ ಅಂದಳು: "ಬಿಡು. ಮೊದಲು ನನ್ನ ಬಿಡು, ಆಮ್ಯಾಲ ಶಾಸ್ತ್ರ ಬಿಡು."

ಮರುದಿನ ಮುಂಜಾನೆ ಅಣ್ಣ ಹಂದರದ ಹೊರಗೆ ನಿಂತು ಗರಿ ಕೊಟ್ಟ.

ಇಲ್ಲಿಂದ ಮುಂದೆ ನಾನು ಒಳ್ಳೆಯ ಸಾಕ್ಷಿಯಲ್ಲ. ಗರಿ ಹೆಣೆದು ನನ್ನ ಹಣೆಗೆ ಕಟ್ಟಿದರು, ಅದರ ತುದಿಗಳು ಕಣ್ಣ ಮುಂದೆ ಜೋತಾಡುತ್ತಿದ್ದವು. ಗರಿಯ ಸಂದಿಯಲ್ಲಿ ಕಂಡದ್ದು ಅಣ್ಣನ ಬರಿಗಾಲು, ಮೊರ ಹಿಡಿದ ದೊಡ್ಡವ್ವನ ಕೈ. ಜೋಳ ಸುರಿಯಬೇಕು, ರುಮಾಲು ಎಲ್ಲಿ? ಅಣ್ಣ ರುಮಾಲು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಅವನು ಟೋಪಿ ತೆಗೆದು, ಅಗಲಿಸಿ ಹಿಡಿದ.

"ಅಯ್ಯ, ಇದರಾಗ ಎಷ್ಟು ಹಿಡೀತದೋ?" ಎಂದಳು ದೊಡ್ಡವ್ವ.

"ಹಿಡಿದಷ್ಟು ಹಾಕು."

ಅವಳು ಮೊರ ಬಗ್ಗಿಸಿದಳು. ಕಾಳು ಟೋಪಿ ತುಂಬಿ, ಕೈ ಮೇಲೆ ಹರಿದು, ನೆಲಕ್ಕೆ ಬಿದ್ದ ಸಪ್ಪಳ ನನಗೆ ಕೇಳಿಸಿತು. ಹೆಂಗಸರು ನಕ್ಕರು. ಅಣ್ಣ ಕೂತು ಒಂದೊಂದೇ ಕಾಳು ಆರಿಸಿ ಟೋಪಿಗೆ ತುಂಬಿದನೆಂದು ಕಥೆ ಹೇಳುತ್ತದೆ. ಅವನು ಕೂತದ್ದು ನಿಜ. ಒಂದೊಂದೇ ಆರಿಸುವಷ್ಟು ಹೊತ್ತು ಯಾರೂ ಕೊಡಲಿಲ್ಲ. ವಾಲಗದವರು ಆಗಲೇ ಬಾರಿಸತೊಡಗಿದ್ದರು. ಮಾಮಾ ಆ ದಿನ ಹೊಸ ರುಮಾಲು ಸುತ್ತಿ ಬಂದು, ಹಂದರದೊಳಗೆ ಬೀಗರ ಸಾಲಿನಲ್ಲಿ ಕೂತು ಉಂಡ ಎಂದು ನನ್ನ ನೆನಪು. ನನ್ನ ಹೆಂಡತಿಯನ್ನು ಕೇಳಿದರೆ ಅವನು ಬರಲೇ ಇಲ್ಲ ಎನ್ನುತ್ತಾಳೆ. ಅವಳ ಹಣೆಯ ಮೇಲೂ ಅದೇ ಗರಿ ಇತ್ತು. ಇಬ್ಬರಲ್ಲಿ ಯಾರನ್ನು ನಂಬಬೇಕೋ ನನಗೆ ಗೊತ್ತಿಲ್ಲ. ಅವನು ಉಂಡಿರಲಿ ಎಂದು ನನಗೆ ಆಸೆ ಇದೆ, ಅದಕ್ಕೇ ನನ್ನ ನೆನಪಿನ ಮೇಲೆ ನಂಬಿಕೆ ಕಡಿಮೆ.

ಆ ಜೋಳ, ಕಾಯಿ, ಖಣ ಮೂರನ್ನೂ ದೊಡ್ಡವ್ವ ಒಂದು ಗಂಟು ಕಟ್ಟಿದಳು. ಅಣ್ಣ ಒಯ್ದು ಮಾಮಾನಿಗೆ ಕೊಡಲು ಹೋದ. "ಗರಿ ಕೊಟ್ಟಾವ್ರಿಗಿ ಸೇರಿದ್ದು ಅದು" ಎಂದು ಮಾಮಾ ಮುಟ್ಟಲಿಲ್ಲ. ಗಂಟು ವಾಪಸು ಬಂದು ಪಡಸಾಲೆಯ ಗೂಟಕ್ಕೆ ಜೋತುಬಿತ್ತು. ನಮ್ಮ ಕಣಜಕ್ಕೆ ಸುರಿಯಲು ದೊಡ್ಡವ್ವ ಒಪ್ಪಲಿಲ್ಲ. ಅದು ನಮ್ಮ ಜೋಳವಲ್ಲ. ಅಣ್ಣ ಶಿಬಿರದ ಮಾತು ಆಡಲು ಬಂದವರನ್ನು ಅದರ ಕೆಳಗೇ ಕೂರಿಸುತ್ತಿದ್ದ. ಗಂಟು ಯಾರದೆಂದು ಯಾರೂ ಕೇಳಲಿಲ್ಲ.

ಬೇಸಿಗೆ ಏರಿದಂತೆ ಗಡಿಯ ಕಡೆ ಹೋಗುವ ಬಂಡಿಗಳು ಹೆಚ್ಚಾದವು. ಕೆಲವರು ಗಲಭೆಗೆ ಹೆದರಿ ಹೋದರು, ಕೆಲವರು ಹೊಟ್ಟೆಗಾಗಿ. ಮಾಮಾನೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರದ ಮಿಲ್ಲಿಗೆ ಹೊರಟ. ಬಂಡಿ ಚಾಚಾನದು. ಹೊರಡುವ ಮುಂಜಾನೆ ಅಣ್ಣ ಗೂಟದಿಂದ ಗಂಟು ಇಳಿಸಿ, ಓಡಿಹೋಗಿ ಬಂಡಿಯೊಳಗೆ ಇಟ್ಟು ಬಂದ. ಮಾಮಾ ಬೇಡವೆನ್ನಲಿಲ್ಲ, ಕೈ ಮುಗಿದ. ಅಣ್ಣ ಆ ದಿನ ಹಗುರವಾಗಿದ್ದ, ದೊಡ್ಡವ್ವನ ಜೊತೆ ಜಗಳ ಕೂಡ ಆಡಿದ.

ಚಾಚಾ ತಿರುಗಿ ಬಂದ. ಎತ್ತು ಬಿಚ್ಚಿ, ಬಂಡಿಯೊಳಗಿಂದ ಗಂಟು ತೆಗೆದು ಮೆಟ್ಟಿಲ ಮೇಲೆ ಇಟ್ಟ.

"ಗಡಿ ಚೌಕಿ ಹತ್ರ ಎಲ್ಲಾರೂ ಇಳಿದ್ರು. ಇದು ಬಂಡ್ಯಾಗೇ ಉಳೀತು. ಮರೆತನೋ ಬಿಟ್ಟನೋ ನಾ ಕೇಳಿಲ್ಲ ಬೇಟಾ, ನೀನೂ ಕೇಳಬ್ಯಾಡ."

ದೊಡ್ಡವ್ವ ಗಂಟು ಬಿಚ್ಚಿ ನೋಡಿದಳು. ಕಾಯಿ ಇತ್ತು, ಖಣ ಇತ್ತು. ಜೋಳಕ್ಕೆ ನುಸಿ ಹತ್ತಿತ್ತು. ಅಣ್ಣ ಅದನ್ನು ಮತ್ತೆ ಕಟ್ಟಿ ಅದೇ ಗೂಟಕ್ಕೆ ಹಾಕಿದ.

ಮಳೆಗಾಲಕ್ಕೆ ಮುಂಚೆ ಊರಲ್ಲಿ ಇನ್ನೊಂದು ಲಗ್ನ ಬಂತು. ಆ ಮನೆಯ ಮುದುಕಿ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು ಕೂಗಿದಳು. ದನಿಯಲ್ಲಿ ಕುಚೇಷ್ಟೆ ಇರಲಿಲ್ಲ, ಮಾಮಾನ ಗುಡಿಸಲ ಮುಂದೆ ಇಷ್ಟು ವರ್ಷ ಹೇಗೆ ಕೂಗುತ್ತಿದ್ದಳೋ ಹಾಗೆ:

"ಗರಿ ಕೊಡಾವ್ರು ಮನ್ಯಾಗ ಅದಾರೇನ್ರಿ?"

ದೊಡ್ಡವ್ವ ಹತ್ತಿಯಿಂದ ತಲೆ ಎತ್ತಲಿಲ್ಲ. ಅಣ್ಣ ಒಳಗಿನಿಂದ ಬಂದ. ಗೂಟದ ಮೇಲಿನ ಟೋಪಿಗೆ ಕೈ ಹಾಕಿದ, ಅದನ್ನು ಅಲ್ಲೇ ಬಿಟ್ಟ. ಅಪ್ಪನ ಹಳೆಯ ರುಮಾಲನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು, ಮುದುಕಿಯ ಹಿಂದೆ ಹೊರಟ.