ಹುರುಳಿ ದಾರಿಗೊಂದು ಜೋಡಿ ಸೈಲೆನ್ಸರ್

ನನ್ನ ಕಾರಿಗೆ ಇರುವುದು ಎರಡೇ ಸೀಟು. ಒಂದರಲ್ಲಿ ನಾನು ಕೂರುತ್ತೇನೆ. ಇನ್ನೊಂದರಲ್ಲಿ ಕೂರಬೇಕಾದ ನನ್ನ ಹೆಂಡತಿ ಒಂದೇ ಸಲ ಕೂತು, ಇಳಿದು, ಇನ್ನು ಜನ್ಮದಲ್ಲಿ ಹತ್ತುವುದಿಲ್ಲ ಎಂದುಬಿಟ್ಟಳು. ಅವಳನ್ನು ಮತ್ತೆ ಆ ಸೀಟಿನಲ್ಲಿ ಕೂರಿಸಬೇಕೆಂದು ನಾನು ಹತ್ತಿರ ಹತ್ತಿರ ಒಂದು ವರ್ಷ ಪೈಪು ಬಗ್ಗಿಸಿದೆ.

ಕಾರು ಬಹಳ ಹಳೆಯದು. ಊಟಿ ಕಡೆಯ ತೋಟವೊಂದರ ಶೆಡ್ಡಿನಲ್ಲಿ ನಾನು ಮೊದಲು ನೋಡಿದಾಗ ಅದರ ಸ್ಟೀರಿಂಗಿನ ಕೆಳಗೆ ಒಂದು ಕೋಳಿ ಕಾವು ಕೂತಿತ್ತು. ಉದ್ದನೆ ಬಾನೆಟ್ಟಿನ, ನೆಲದಿಂದ ಒಂದು ಗೇಣು ಮಾತ್ರ ಮೇಲಿರುವ ಸ್ಪೋರ್ಟ್ಸ್ ಕಾರು. ನಾನು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಹಬೆ ಪೈಪುಗಳ ಫಿಟ್ಟರ್. ನಮ್ಮಂಥವರು ಅಂಥ ಕಾರು ಇಟ್ಟುಕೊಳ್ಳಬಾರದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ. ಗೊತ್ತಾದರೆ ಆಗಲಿ ಎಂದು ಕೋಳಿಯನ್ನು ಎಬ್ಬಿಸಿ, ಕಾರನ್ನು ಲಾರಿಗೆ ಹಾಕಿಸಿಕೊಂಡು ಚಾಮರಾಜನಗರಕ್ಕೆ ತಂದೆ. ಎಂಜಿನ್ನು ಓಡುವಂತಾದ ಮೊದಲ ಭಾನುವಾರವೇ ಹೆಂಡತಿಯನ್ನು ಕೂರಿಸಿಕೊಂಡು ಅವಳ ತವರು ಭೀಮನಬೀಡಿಗೆ ಹೊರಟೆ. ಅವಳು ಹೊಸ ಸೀರೆ ಉಟ್ಟಿದ್ದಳು.

ಗುಂಡ್ಲುಪೇಟೆ ದಾಟಿದರೆ ರಸ್ತೆ ತುಂಬ ಹುರುಳಿ. ಹುರುಳಿ ಕಿತ್ತ ಕಾಲಕ್ಕೆ ನಮ್ಮ ಕಡೆ ಟಾರು ರಸ್ತೆಯೇ ಕಣ. ಒಣಗಿದ ಗಿಡ ಹರಡಿಬಿಟ್ಟರೆ ಬಸ್ಸು ಲಾರಿಗಳು ತುಳಿದುಕೊಂಡು ಹೋಗಿ ಒಕ್ಕಣೆ ಮುಗಿಸಿಕೊಡುತ್ತವೆ. ತಪ್ಪಿಸಿ ಪಕ್ಕದಲ್ಲಿ ಹೋದರೆ ಒಕ್ಕುವವರಿಗೆ ಬೇಸರ. ನಾನೂ ಧಾರಾಳವಾಗಿ ಮೇಲೆಯೇ ಓಡಿಸಿದೆ. ಬಸ್ಸಿನ ಹೊಟ್ಟೆ ಎತ್ತರದಲ್ಲಿದೆ, ನನ್ನ ಕಾರಿನದು ನೆಲ ಸವರುತ್ತದೆ ಎನ್ನುವುದು ಪೈಪಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ ಹೊಳೆಯಲಿಲ್ಲ. ಒಣ ಹುರುಳಿ ಬಳ್ಳಿ ಕಾದ ಸೈಲೆನ್ಸರಿಗೆ ಸುತ್ತಿಕೊಂಡು, ಹೊಗೆಯಾಡಿ, ಹೊತ್ತಿಕೊಂಡಿತು. ನಾನು ಇಳಿದು ಹಿಂದಕ್ಕೆ ಓಡಿ ಮಣ್ಣು ಬಾಚಿ ಬಾಚಿ ಎರಚಿದೆ. ಒಕ್ಕುತ್ತಿದ್ದ ಹೆಂಗಸೊಬ್ಬಳು ಬಾಗಿಲು ತೆಗೆದು ನನ್ನ ಹೆಂಡತಿಯನ್ನು ಇಳಿಸಿದಳು. ಇನ್ನೊಬ್ಬಳು ಕುಡಿಯಲು ತಂದಿದ್ದ ಬಿಂದಿಗೆ ನೀರನ್ನು ಪೂರ್ತಿ ಸುರಿದಳು. ಬೆಂಕಿ ಆರಿತು, ಯಾರಿಗೂ ಏನೂ ಆಗಲಿಲ್ಲ.

"ಇನ್ನ ಆ ಕಾರ ನಾ ಅತ್ತಾಕಿಲ್ಲ. ನೀವೇ ಓಡಾಡ್ಕಳಿ" ಎಂದು ನನ್ನ ಹೆಂಡತಿ ಹಿಂದೆ ಬಂದ ಬಸ್ಸು ಹತ್ತಿದಳು. ಬಸ್ಸೂ ಅದೇ ಹುರುಳಿಯ ಮೇಲೆ ಹೋಯಿತು.

ಅವಳಿಗೆ ಬೆಂಕಿಯ ಭಯ ಎಂದುಕೊಂಡೆ. ಬೆಂಕಿಗೆ ಕಾರಣ ಪೈಪು, ಪೈಪು ನನ್ನ ಕಸುಬು. ಅಂದಮೇಲೆ ಇದು ನನ್ನ ಕೈಯಲ್ಲಿರುವ ಕೆಲಸ ಎಂದು ಧೈರ್ಯ ಬಂತು. ಜೋತುಬಿದ್ದಿದ್ದ ಒಂದು ದಪ್ಪ ಪೈಪಿನ ಬದಲು ಎರಡು ಸಣ್ಣ ಪೈಪು ಹಾಕುವುದು. ಹೊಗೆ ಅರ್ಧರ್ಧ ಹಂಚಿಹೋಗುತ್ತದೆ. ಸಣ್ಣವಾದ್ದರಿಂದ ಎರಡನ್ನೂ ಮೇಲಕ್ಕೆತ್ತಿ ಕಾರಿನ ತಳಕ್ಕೆ ಅಂಟಿಸಿದಂತೆ ಕೂರಿಸಬಹುದು. ಎಡಗಡೆ ಒಂದು, ಬಲಗಡೆ ಒಂದು, ಹಿಂದೆ ಎರಡು ಬಾಯಿ. ಜೋಡಿ ಸೈಲೆನ್ಸರಿನ ಗುಡುಗುಡು ಸದ್ದೆಂದರೆ ನನಗೆ ಮೊದಲಿನಿಂದಲೂ ಜೀವ ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ನಡುಮನೆಯ ಕೆಂಪು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಕಾರಿನ ತಳವನ್ನು ಇದ್ದ ಅಳತೆಗೇ ಬರೆದೆ. ಎಂಜಿನ್ನು, ಗೇರ್‌ಬಾಕ್ಸು, ಪೆಟ್ರೋಲ್ ಟ್ಯಾಂಕು, ಎರಡು ಸೀಟು, ಅವುಗಳ ಕೆಳಗೆ ಹಾದುಹೋಗುವ ಪೈಪುಗಳು. ಟ್ಯಾಂಕು ಒಂದೇ ಬದಿಗಿದ್ದುದರಿಂದ ಅಲ್ಲಿ ಪೈಪು ಸುತ್ತಿ ಬರಬೇಕು, ಆದರೂ ಎರಡರ ಉದ್ದ ಒಂದೇ ಇರಬೇಕು. ಇಲ್ಲದಿದ್ದರೆ ಸದ್ದು ಕುಂಟುತ್ತದೆ. ದಿನಾ ಕೆಲಸದಿಂದ ಬಂದು ದಾರ ಹಿಡಿದು ಅಳೆಯುತ್ತಿದ್ದೆ, ಅಳಿಸುತ್ತಿದ್ದೆ. ಹೆಂಡತಿ ಕಾರಿನ ಮಾತೆತ್ತುತ್ತಿರಲಿಲ್ಲ. ಆದರೆ ಬೆಳಿಗ್ಗೆ ಅಂಗನವಾಡಿಗೆ ಹೊರಡುವ ಮುಂಚೆ ನೆಲ ಒರೆಸುವಾಗ ಆ ಚಿತ್ರದ ಸುತ್ತ ಮಾತ್ರ ಒರೆಸುತ್ತಿದ್ದಳು. ತಿಂಗಳುಗಟ್ಟಲೆ ಒಂದು ಗೆರೆಯೂ ಕೆಡಲಿಲ್ಲ. ಅದನ್ನು ನೋಡಿ ನನಗೆ ಆಸೆ ಹುಟ್ಟುತ್ತಿತ್ತು.

ಪೈಪು ಬಗ್ಗಿಸಿದ್ದು ಗುಂಡ್ಲುಪೇಟೆಯಲ್ಲಿ, ನನ್ನ ಜೊತೆ ಓದಿದ ಗೆಳೆಯನ ವೆಲ್ಡಿಂಗ್ ಅಂಗಡಿಯಲ್ಲಿ. ಅವನು ಅರಿಸಿನ ಬೇಯಿಸುವ ಹಬೆ ಡ್ರಮ್ಮು ಮಾಡುವವನು. ಕಾರಿನ ಸೈಲೆನ್ಸರ್ ಮುಟ್ಟಿದವನಲ್ಲ. ಜರಡಿ ಹಿಡಿದ ಒಣ ಮರಳನ್ನು ಪೈಪಿಗೆ ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಕೆಂಪಗೆ ಕಾಯಿಸಿ, ಉಸಿರು ಬಿಗಿಹಿಡಿದು ಬಗ್ಗಿಸಬೇಕು. ಮರಳಿಲ್ಲದೆ ಬಗ್ಗಿಸಿದರೆ ಪೈಪು ಮಡಚಿಕೊಂಡುಬಿಡುತ್ತದೆ. ಮೊದಲು ನಾನು ಪೈಪುಗಳ ಅಡಿಗೆ ಒಂದು ತಗಡಿನ ತಟ್ಟೆ ಕಟ್ಟಿಸಿದೆ, ಬಳ್ಳಿ ತಾಗದಿರಲಿ ಎಂದು. ಗೆಳೆಯ ತನ್ನ ದನಕ್ಕೆ ಇಟ್ಟಿದ್ದ ಹುರುಳಿ ಹೊಟ್ಟನ್ನು ಅಂಗಳದಲ್ಲಿ ಹರಡಿಕೊಟ್ಟ. ನಾಲ್ಕು ಸಲ ಓಡಿಸಿ ನೋಡಿದರೆ ಆ ಹೊಟ್ಟು ಪೂರ್ತಿ ತಟ್ಟೆಯೊಳಗೇ ತುಂಬಿಕೊಂಡು ಹೊಗೆ ಬರುತ್ತಿತ್ತು.

"ಒಲೆ ಮಾಡ್ಬುಟ್ಟಲ್ಲಾ, ಇನ್ನ ಪಾತ್ರೆ ಮಡ್ಗೋದೊಂದ್ ಬಾಕಿ" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ತಟ್ಟೆ ಕಿತ್ತುಹಾಕಿದೆ. ಬಳ್ಳಿ ಸಿಕ್ಕಿಕೊಳ್ಳಲು ಒಂದು ಬೋಲ್ಟಿನ ತಲೆಯೂ ಕೆಳಗೆ ಕಾಣದಂತೆ, ಎಲ್ಲ ಜೋಡಣೆ ಮೇಲುಗಡೆಯೇ ಬರುವಂತೆ ಹೊಸದಾಗಿ ಬರೆಯತೊಡಗಿದೆ.

ಆ ಹೊಸ ಚಿತ್ರ ಮುಗಿಯುವ ಹೊತ್ತಿಗೆ ಅವರೆಕಾಯಿ ಕಾಲ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಮೊರದ ತುಂಬ ಕಾಯಿ ತಂದು, ಸೀದಾ ಚಿತ್ರದೊಳಗೆ ಹೋಗಿ, ಎಡಗಡೆ ಸೀಟಿನ ಗೆರೆಯ ನಡುವೆ ಕೂತು ಬಿಡಿಸತೊಡಗಿದಳು.

"ಇದು ನನ್ ಸೀಟು ತಾನೆ?"

"ಊಂ."

"ಬನ್ನಿ, ನಿಮ್ದ್ರಲ್ಲಿ ನೀವು ಕೂತ್ಕಳಿ."

ತಮಾಷೆ ಎಂದು ನಗುತ್ತ ಕೂತೆ.

"ಈಗ ಬೆಂಕಿ ಅತ್ಕತು ಅನ್ಕಳಿ. ಅವತ್ತು ಏನ್ ಮಾಡುದ್ರಿ, ಮಾಡ್ ತೋರ್ಸಿ."

ಎದ್ದೆ. ಹಿಂದಕ್ಕೆ ಹೋದೆ. ಸೈಲೆನ್ಸರ್ ಬರೆದ ಜಾಗದಲ್ಲಿ ಬಗ್ಗಿ ನಿಂತೆ. ತಲೆಯೆತ್ತಿದರೆ ಅವಳು ಮೊರ ಹಿಡಿದುಕೊಂಡು, ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದಳು.

"ನಾನಿನ್ನೂ ಇಲ್ಲೇ ಕುಂತಿವ್ನಿ" ಎಂದಳು. "ಬಾಗ್ಲು ಒಳಗಿನ್ ಇಡಿ ಮುರ್ದೋಗಿತ್ತು. ಎಷ್ಟ್ ಎಳುದ್ರೂ ಬಾಗ್ಲು ಬರ್ನಿಲ್ಲ. ನಂಗ್ ಬೆಂಕಿ ಭಯ ಇಲ್ಲ ಕಣ್ರೀ, ಒಲೆ ಮುಂದೆ ಬೆಳ್ದೋಳು ನಾನು. ನೀವು ನನ್ ಕಡೀಕೆ ತಿರ್ಗೂ ನೋಡ್ನಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕೊಂದಿತು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿದೆ. ಅವಳೆಂದರೆ ಪ್ರಾಣ ಎಂದು ಯಾರು ಕೇಳಿದರೂ ಹೇಳುತ್ತಿದ್ದೆ, ಅದು ಸುಳ್ಳೂ ಅಲ್ಲ. ಆದರೆ ಕಾಲು ಓಡಿದ್ದು ಪೈಪಿನ ಕಡೆಗೆ. ಇಷ್ಟು ತಿಂಗಳು ಅವಳ ಕಣ್ಣೆದುರಿಗೇ, ಅವಳ ನೆಲದ ಮೇಲೆಯೇ, ಮತ್ತೆ ಪೈಪನ್ನೇ ಬರೆಯುತ್ತ ಕೂತಿದ್ದೆ. ನಾಚಿಕೆಯಿಂದ ಕಣ್ಣು ತುಂಬಿತು. ಅವಳ ಪಕ್ಕ ಕೂತು, ತಪ್ಪಾಯ್ತು ಕಣಮ್ಮಿ ಎಂದೆ. ಅವಳು ಮೊರವನ್ನು ನನ್ನ ಕಡೆಗೂ ಸರಿಸಿದಳು. ಇಬ್ಬರೂ ಕಾಯಿ ಬಿಡಿಸಿ ಮುಗಿಸಿದೆವು.

ಮಾರನೆಯ ದಿನ ಬಾಗಿಲಿನ ಹಿಡಿ ಸರಿಮಾಡಿದೆ. ಆಮೇಲೆ ಒದ್ದೆ ಬಟ್ಟೆ ತಂದು ಅವಳ ಸೀಟಿನ ಕೆಳಗಿನ ಪೈಪನ್ನು ಅಳಿಸಿ, ಎರಡನ್ನೂ ನನ್ನ ಸೀಟಿನ ಕೆಳಗೆ ಬರೆದೆ. ಹೊತ್ತಿಕೊಂಡರೆ ಮೊದಲು ನನ್ನ ಕೆಳಗೆ ಹೊತ್ತಿಕೊಳ್ಳಲಿ. ಗುಂಡ್ಲುಪೇಟೆಗೆ ಒಯ್ದ ಅಳತೆ ಚೀಟಿಯನ್ನು ಗೆಳೆಯ ನೋಡಿ ಕೆಳಗಿಟ್ಟ.

"ಎಲ್ಡೂ ಒಂದೇ ಕಡೀಕಾ? ಕುಂಡಿ ಬೆಂದೋಯ್ತದೆ ಕಣ್ಲಾ!"

"ಬೇಯ್ಲಿ ಬುಡು."

ಯಾಕೆಂದು ಹೇಳಿದೆ. ಅವನು ಮತ್ತೆ ನಗಲಿಲ್ಲ. ಗೇರ್‌ಬಾಕ್ಸಿನ ಅಡಿಯಲ್ಲಿ ಎಡದಿಂದ ಬಲಕ್ಕೆ ದಾಟಿಸುವ ಬಾಗು ಎರಡು ಸಲ ಕೆಟ್ಟಿತು, ಮೂರನೆಯ ಸಲ ಕೂತಿತು. ಕಾವು ತಡೆಯಲೆಂದು ನನ್ನ ಸೀಟಿನ ಕೆಳಗೆ ಒಂದು ತಗಡನ್ನು ಅವನೇ ಹಟ ಹಿಡಿದು ಬೆಸೆದ.

ಕಾರು ಮನೆ ಮುಂದೆ ತಂದು ನಿಲ್ಲಿಸಿ, "ನಿನ್ನ ಸೀಟಿನ ಕೆಳಗೆ ಏನೂ ಇಲ್ಲ, ಎರಡೂ ನನ್ನ ಕಡೆಗೇ ಇವೆ" ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡಿದಳು. ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು, ತನ್ನ ಕಡೆಯ ಬಾಗಿಲನ್ನು ಒಳಗಿನಿಂದ ಎರಡು ಸಲ ತೆಗೆದು ಹಾಕಿ ನೋಡಿ ಕೂತಳು.

ಮತ್ತೆ ಭೀಮನಬೀಡಿನ ದಾರಿ ಹಿಡಿದೆವು. ಗುಂಡ್ಲುಪೇಟೆಗಿಂತ ಮೊದಲೇ ಸಿಗುವ ತೆರಕಣಾಂಬಿ ಬರುವಷ್ಟರಲ್ಲಿ ನನ್ನ ಸೀಟು ಕಾದ ರೊಟ್ಟಿ ಹೆಂಚು. ಒಂದು ಸಲ ಈ ತೊಡೆಗೆ, ಇನ್ನೊಂದು ಸಲ ಆ ತೊಡೆಗೆ ಭಾರ ಹಾಕಿಕೊಂಡು, ಮುಖ ಮಾತ್ರ ಹಸನ್ಮುಖ ಮಾಡಿಕೊಂಡು ಓಡಿಸಿದೆ. ಜೋಡಿ ಸದ್ದು ನಾನು ಬಯಸಿದಂತೆಯೇ ಇತ್ತು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗುಂಡ್ಲುಪೇಟೆ ದಾಟಿ ಹುರುಳಿ ಸಿಕ್ಕಿತು. ಅವಳ ಮುಖ ನೋಡಿದೆ. "ಓಗಿ" ಎಂದಳು. ಉದ್ದಕ್ಕೂ ಅದರ ಮೇಲೆ ಓಡಿಸಿ, ಆಚೆ ನಿಲ್ಲಿಸಿ, ಇಳಿದು ಅವಳ ಬಾಗಿಲಿಗೆ ಓಡಿದೆ.

"ನಾ ಸರಿಯಾಗಿವ್ನಿ. ಈಗ ಓಗಿ ಅದ್ನ ನೋಡಿ" ಎಂದಳು.

ಒಂದು ಬಳ್ಳಿಯೂ ಸಿಕ್ಕಿಕೊಂಡಿರಲಿಲ್ಲ. ಹಿಗ್ಗಿನಿಂದ ಹೇಳಲು ಬಂದರೆ ಅವಳು ಬಗ್ಗಿ ನನ್ನ ಸೀಟಿನ ಮೇಲೆ ಅಂಗೈ ಊರಿದ್ದಳು. ಊರಿದವಳು ಚಟಕ್ಕನೆ ಹಿಂದಕ್ಕೆ ತೆಗೆದಳು.

"ಅಲ್ಲಿಂದ್ಲೂವೆ ಇದ್ರ ಮೇಲೇ ಕುಂತ್ಕಂಡ್ ಬಂದ್ರಾ?"

"ಅಷ್ಟೇನಿಲ್ಲ ಬುಡು."

ಬ್ಯಾಗಿನಿಂದ ಟವೆಲ್ ತೆಗೆದು ನಾಲ್ಕು ಮಡಿಕೆ ಮಾಡಿ ನನ್ನ ಸೀಟಿಗೆ ಹಾಸಿದಳು. ಮುಖ ಎತ್ತದೆ, ಅದರ ಸುಕ್ಕು ಸರಿಮಾಡುತ್ತಲೇ ಹೇಳಿದಳು:

"ಮುಂದಿನ್ ವಾರ ಒಂದ್ ಪೈಪ ತಗುದು ನನ್ ಕೆಳೀಕೆ ಆಕ್ಸಿ."